ಕಡೇ ಬಸ್ಸಿನಿಂದ ಲೆಕ್ಕ ಹಾಕಿ: ಸಣ್ಣ ಕಾಲೇಜಿನ ಗ್ಯಾದರಿಂಗ್, ನೋಟಿಸು, ಬೀಳ್ಕೊಡುಗೆ ನಡೆಸುವುದು ಹೇಗೆ

ಆಮಂತ್ರಣ ಪತ್ರಿಕೆಯಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನ ಅಂತ ಅಚ್ಚಾಗುತ್ತದೆ. ಬಾಯಲ್ಲಿ ಮಾತ್ರ ನಮ್ಮ ಕಡೆ ಇವತ್ತಿಗೂ ಗ್ಯಾದರಿಂಗೇ. ನಾನು ಶಿರಸಿ ಸೀಮೆಯ ಒಂದು ಸಣ್ಣ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹೆಚ್ಚೆಂದರೆ 300 ಮಕ್ಕಳು. ಸಾಂಸ್ಕೃತಿಕ ವಿಭಾಗ ಹಲವು ವರ್ಷದಿಂದ ನನ್ನ ಹತ್ತಿರವೇ ಇದೆ, ನೋಟಿಸ್ ಬೋರ್ಡಿನ ಬೀಗದ ಕೈ ಕೂಡ. ಈ ವರ್ಷ ಹೊಸದಾಗಿ ಈ ಕೆಲಸ ಹೊತ್ತುಕೊಂಡ ಉಪನ್ಯಾಸಕರು, ಯೂನಿಯನ್ ಸೆಕ್ರೆಟರಿ ಆದ ಹುಡುಗ ಹುಡುಗಿಯರು ಯಾರಾದರೂ ಇದ್ದರೆ ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ವೇದಿಕೆಯದ್ದಲ್ಲ, ಅತಿಥಿಗಳದ್ದೂ ಅಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ್ ಹತ್ತಿರ ನಿಂತು, ನಿಮ್ಮ ಮಕ್ಕಳು ಬರುವ ಒಂದೊಂದು ಊರಿಗೂ ಸಂಜೆಯ ಕಡೇ ಬಸ್ಸು ಎಷ್ಟೊತ್ತಿಗೆ ಅಂತ ಬರೆದುಕೊಂಡು ಬನ್ನಿ. ನಮ್ಮಲ್ಲಾದರೆ ಹುಲೇಕಲ್, ವಾನಳ್ಳಿ, ಸಾಲ್ಕಣಿ, ದೇವನಳ್ಳಿ, ಮತ್ತಿಘಟ್ಟ, ಕುಮಟಾ ರಸ್ತೆಯಲ್ಲಿ ರಾಗಿಹೊಸಳ್ಳಿ, ಆ ಕಡೆ ಬನವಾಸಿ, ದಾಸನಕೊಪ್ಪ. ಬಸ್ಸು ಇಳಿದ ಮೇಲೆ ಮತ್ತೆ ಕಾಡಿನ ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ನಡೆಯುವವರೂ ಇರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಕಾರ್ಯಕ್ರಮ ಮುಗಿದರೆ ಆ ಅನುಕೂಲ ಅವರಿಗೆ ಸಿಗುವುದಿಲ್ಲ.

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೇಗ ಹೊರಡುವ ಕಡೇ ಬಸ್ಸು ಯಾವುದು ನೋಡಿ. ಅದಕ್ಕೆ ಒಂದು ತಾಸು ಮುಂಚೆ ನಿಮ್ಮ ಕಾರ್ಯಕ್ರಮ ಮುಗಿಯಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಶುರು ಎಷ್ಟೊತ್ತಿಗೆ, ಊಟ ಎಷ್ಟೊತ್ತಿಗೆ, ಡಾನ್ಸ್ ಎಷ್ಟು, ಭಾಷಣ ಎಷ್ಟು, ಎಲ್ಲ ತಾನಾಗಿ ತೀರ್ಮಾನ ಆಗುತ್ತದೆ. ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನ ಮೂರೂವರೆಗೆ ಮುಗಿಸಿದರೆ ಗ್ಯಾದರಿಂಗಿಗೆ ಕಳೆ ಇರುವುದಿಲ್ಲ, ಲೈಟಿನಲ್ಲಿ ಕುಣಿದರೇ ಚಂದ ಅಂತ ಮಕ್ಕಳು ಹಟ ಹಿಡಿಯುತ್ತಾರೆ. ಹಟ ಹಿಡಿಯುವವರು ಯಾರು ಗಮನಿಸಿ. ಪೇಟೆಯಲ್ಲಿ ಮನೆ ಇರುವವರು, ಬೈಕ್ ಇರುವವರು, ಹಾಸ್ಟೆಲಿನವರು. ಬಸ್ಸಿನ ಮಕ್ಕಳು ಸಭೆಯಲ್ಲಿ ಬಾಯಿ ಬಿಡುವುದಿಲ್ಲ, ಆ ದಿನ ಸುಮ್ನೆ ಬರುವುದಿಲ್ಲ ಅಷ್ಟೆ.

ಇದನ್ನು ನಾನು ಕಲಿತದ್ದು ಒಬ್ಬಳು ಹುಡುಗಿಯಿಂದ. ಘಟ್ಟದ ಕೆಳಗಿನ ಊರಿನವಳು, ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ತಾಯಿಯನ್ನೂ ಕರೆದುಕೊಂಡು ಬಂದಿದ್ದಳು. ಆ ವರ್ಷ ಅತಿಥಿಗಳು ಒಂದೂವರೆ ತಾಸು ತಡ. ನಾವು ಕಾದೆವು. ಬಹುಮಾನ ವಿತರಣೆ ಅಂದರೆ ಎಲ್ಲ ಕಡೆಯಂತೆ ನಮ್ಮಲ್ಲೂ ಭಾಷಣಗಳೆಲ್ಲ ಆದ ಮೇಲೆ. ಆ ತಾಯಿ ಎರಡು ಸಲ ನನ್ನ ಹತ್ತಿರ ಬಂದು, "ಅಕ್ಕೋರೆ, ಮುಗಿಯುವುದು ಎಷ್ಟೊತ್ತಿಗೆ?" ಅಂತ ಕೇಳಿದರು. ಈಗ ಆಗುತ್ತದೆ ಅಂದೆ ಎರಡು ಸಲವೂ. ಮೈಕಿನಲ್ಲಿ ಅವಳ ಹೆಸರು ಮೂರು ಸಲ ಕರೆದಾಗ ಆ ಕುರ್ಚಿಗಳು ಖಾಲಿ ಇದ್ದವು. ಅಷ್ಟು ಹೊತ್ತಿಗೆ ಅವರ ಬಸ್ಸು ದೇವಿಮನೆ ಘಟ್ಟ ಇಳಿಯುತ್ತಿತ್ತೇನೋ. ಮರುವರ್ಷದಿಂದ ನಾನು ಬಹುಮಾನ ಮೊದಲು ಇಟ್ಟೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಕೂಡಲೇ ಬಹುಮಾನ. ಅತಿಥಿಗಳು ಬಂದಿದ್ದರೆ ಅವರ ಕೈಯಿಂದ, ಬರದಿದ್ದರೆ ಪ್ರಿನ್ಸಿಪಾಲರ ಕೈಯಿಂದ. ಮೊದಲ ವರ್ಷ ಸ್ಟಾಫ್ ರೂಮಿನಲ್ಲಿ ಗೊಣಗಾಟ ಇತ್ತು, ಬಹುಮಾನ ಸಿಕ್ಕ ಕೂಡಲೇ ಮಕ್ಕಳು ಎದ್ದು ಹೋಗುತ್ತಾರೆ, ಭಾಷಣಕ್ಕೆ ಜನ ಇರುವುದಿಲ್ಲ ಅಂತ. ಆದರೆ ಹೆಚ್ಚಿನವರು ಕೂತೇ ಇದ್ದರು, ಯಾಕೆಂದರೆ ಊಟ ಮತ್ತು ಡಾನ್ಸ್ ಮುಂದೆ ಇತ್ತಲ್ಲ.

ತಾರೀಕು ನಿಗದಿ ಮಾಡುವಾಗ ಯೂನಿವರ್ಸಿಟಿ ಕ್ಯಾಲೆಂಡರ್ ಒಂದೇ ನೋಡಿದರೆ ಸಾಲದು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, 2024ರಲ್ಲಿ ಮಾರ್ಚ್ ತಿಂಗಳಲ್ಲಿ ಆಗಿತ್ತು. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಇರುವ ಅಷ್ಟು ದಿನ ಊರೇ ಬೇರೆ ಲೆಕ್ಕ. ಜಾತ್ರೆಗೆ ಹಿಂದುಮುಂದು ಒಂದು ವಾರ ಏನನ್ನೂ ಇಡಬೇಡಿ. ಶಾಮಿಯಾನದವರು, ಅಡುಗೆಯವರು, ಸೌಂಡ್ ಸಿಸ್ಟಂನವರು ಯಾರೂ ಸಿಗುವುದಿಲ್ಲ. ಕರಾವಳಿಯ ಕಾಲೇಜಾದರೆ ಮಹಾಶಿವರಾತ್ರಿಗೆ ಗೋಕರ್ಣ, ಹೋಳಿ ಹುಣ್ಣಿಮೆ ಹೊತ್ತಿಗೆ ಸುಗ್ಗಿ. ಅಂಕೋಲೆ, ಕುಮಟೆ ಕಡೆ ಹಾಲಕ್ಕಿ ಸಮುದಾಯದ ಮಕ್ಕಳು ಸುಗ್ಗಿ ಕುಣಿತಕ್ಕೆ ಹೊರಟರೆ ಅಷ್ಟು ದಿನ ಕ್ಲಾಸಿಗೇ ಬರುವುದಿಲ್ಲ, ಬರಬೇಕು ಅಂತ ಹಟ ಮಾಡುವುದೂ ತಪ್ಪು. ಅವರ ಕುಣಿತವನ್ನೇ ನಿಮ್ಮ ವೇದಿಕೆಗೆ ಕರೆಯಿರಿ. ಅಂಕೋಲೆಯ ಸುಕ್ರಿ ಬೊಮ್ಮಗೌಡರ ಹಾಡಿಗೆ 2017ರಲ್ಲಿ ಪದ್ಮಶ್ರೀ ಬಂತು, ಅವರ ಊರಿನ ಸುತ್ತಿನ ಮಕ್ಕಳು ಸಿನೆಮಾ ಹಾಡಿಗೆ ಮಾತ್ರ ಕುಣಿಯಬೇಕು ಅಂತ ಏನಿದೆ?

ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿಯುವ ತನಕ ತಂದೆ ತಾಯಿಗೆ ಬಿಡುವಿಲ್ಲ. ಚಾಲಿ, ಅಂದರೆ ಸಿಪ್ಪೆಗೋಟು ಬಿಸಿಲಿಗೆ ಹಾಕಿದ ಹಣ್ಣಡಿಕೆ, ಒಣಗಿಸಿ ಅಂಗಳ ಖಾಲಿಯಾದ ಮೇಲೆ ಕರೆದರೆ ಬರುತ್ತಾರೆ. ಏಪ್ರಿಲ್ ದಾಟಿತೋ, ಮಧ್ಯಾಹ್ನದ ಮೇಲೆ ಗುಡುಗು, ಅಡ್ಡಮಳೆ, ಕರೆಂಟ್ ಹೋಗುವುದು. ಬಯಲಿನಲ್ಲಿ ವೇದಿಕೆ ಹಾಕುವುದಾದರೆ ಜನರೇಟರ್ ಹೇಳಿಡಿ. ನಿಮ್ಮ ಆವರಣದಲ್ಲೇ ಪಿಯು ಕಾಲೇಜೂ ಇದ್ದರೆ ಮಾರ್ಚ್‌ನ ಬೋರ್ಡ್ ಪರೀಕ್ಷೆ ನೋಡಿಕೊಳ್ಳಿ, ಪರೀಕ್ಷೆ ಬರೆಯುವ ಮಕ್ಕಳ ಕಿಟಕಿ ಪಕ್ಕ ಮೈಕ್ ಹಚ್ಚುವುದು ಬೇಡವೇ ಬೇಡ.

ಇನ್ನು ನೋಟಿಸು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ, ಆದರೆ ಇದಕ್ಕೆ ಯಾರೂ ಹತ್ತು ನಿಮಿಷ ಕೊಡುವುದಿಲ್ಲ. ಸಾಮಾನ್ಯವಾಗಿ ಬೋರ್ಡಿನಲ್ಲಿ ಕಾಣುವುದು ಹೀಗಿರುತ್ತದೆ:

"ಈ ಮೂಲಕ ಎಲ್ಲಾ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ, ಪ್ರಸಕ್ತ ಸಾಲಿನ ಬಹುಮಾನ ವಿತರಣಾ ಸಮಾರಂಭವನ್ನು ದಿನಾಂಕ 17ರಂದು ಹಮ್ಮಿಕೊಳ್ಳಲಾಗಿದ್ದು, ವಿಜೇತರು ಕಡ್ಡಾಯವಾಗಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಬಹುಮಾನ ನೀಡಲಾಗುವುದಿಲ್ಲ."

ಇದನ್ನು ಓದಿದ ಹುಡುಗನಿಗೆ ಏನು ಗೊತ್ತಾಯಿತು? ಯಾವ ತಿಂಗಳ 17, ಯಾವ ವಾರ, ಎಷ್ಟೊತ್ತಿಗೆ, ಎಲ್ಲಿ, ತನ್ನ ಹೆಸರು ಅದರಲ್ಲಿ ಇದೆಯಾ, ಒಂದೂ ಗೊತ್ತಾಗಲಿಲ್ಲ. ಗೊತ್ತಾದದ್ದು ಬೆದರಿಕೆ ಒಂದೇ. ಈಗ ಅದೇ ವಿಷಯವನ್ನು ಹೀಗೆ ಬರೆದು ನೋಡಿ:

"ಬಹುಮಾನ ವಿತರಣೆ. ಏಪ್ರಿಲ್ 17, ಗುರುವಾರ, ಬೆಳಿಗ್ಗೆ 10:30. ಕಾಲೇಜು ಸಭಾಭವನ. ಬಹುಮಾನ ಬಂದವರ ಪಟ್ಟಿ ಇದರ ಪಕ್ಕದಲ್ಲೇ ಇದೆ. ನಿಮ್ಮ ಹೆಸರು, ಇನಿಷಿಯಲ್, ಊರು ಸರಿ ಇದೆಯಾ ನೋಡಿ. ತಪ್ಪಿದ್ದರೆ ಏಪ್ರಿಲ್ 11, ಶುಕ್ರವಾರದೊಳಗೆ ಆಫೀಸಿನಲ್ಲಿ ಹೇಳಿ. ಊಟ ಕಾಲೇಜಿನಲ್ಲೇ. ಮನೆಯವರು ಬರಬಹುದು. ಮಧ್ಯಾಹ್ನ 3:30ಕ್ಕೆ ಮುಗಿಯುತ್ತದೆ. ಆ ದಿನ ಬರಲು ಆಗದವರು ಮೊದಲೇ ತಿಳಿಸಿ, ನಿಮ್ಮ ಬಹುಮಾನ ತೆಗೆದಿಟ್ಟಿರುತ್ತೇವೆ."

ಏನು ವ್ಯತ್ಯಾಸ ಅಂದರೆ, ವಿಷಯ ಮೊದಲ ಎರಡು ಪದದಲ್ಲೇ ಇದೆ. ತಾರೀಕಿನ ಜೊತೆ ವಾರ ಇದೆ. ವಾರ ಯಾಕೆ ಬರೆಯಬೇಕು ಅಂದರೆ, ಊರಿನಲ್ಲಿ ಜನ ಲೆಕ್ಕ ಇಡುವುದೇ ವಾರದ ಮೇಲೆ, ಸಂತೆ ವಾರ, ಸೊಸೈಟಿಗೆ ಹೋಗುವ ವಾರ ಅಂತ. ತಾರೀಕು ತಪ್ಪಾಗಿ ಟೈಪ್ ಆಗಿದ್ದರೂ ವಾರ ತಾಳೆ ಆಗದೆ ಯಾರಾದರೂ ಬಂದು ಕೇಳುತ್ತಾರೆ. ಶುರುವಾಗುವ ಹೊತ್ತನ್ನು ಎಲ್ಲರೂ ಬರೆಯುತ್ತಾರೆ, ಮುಗಿಯುವ ಹೊತ್ತನ್ನು ಯಾರೂ ಬರೆಯುವುದಿಲ್ಲ. ಮಗಳನ್ನು ಕಳಿಸಬೇಕೋ ಬೇಡವೋ ಅಂತ ಮನೆಯಲ್ಲಿ ತೀರ್ಮಾನ ಆಗುವುದು ಮುಗಿಯುವ ಹೊತ್ತಿನ ಮೇಲೆ. ಬರೆದ ಮೇಲೆ ಅದಕ್ಕೆ ನಿಲ್ಲಬೇಕು, ಅದು ಬೇರೆ ಮಾತು.

ಆಫೀಸಿನ ದಾಖಲೆಗೆ ಜಾವಕ ಸಂಖ್ಯೆ, ಸಹಿ, ಶಿಕ್ಕಾ ಬೇಕು, ಹಾಕಿ. ಅವು ಇದ್ದ ಮಾತ್ರಕ್ಕೆ ಭಾಷೆ ಗಡುಸಾಗಬೇಕು ಅಂತ ಯಾವ ಆದೇಶದಲ್ಲೂ ಇಲ್ಲ. ಬರೆದು ಆದ ಮೇಲೆ ನಾನು ಅದನ್ನು ಮೊದಲು ತೋರಿಸುವುದು ನಮ್ಮ ಅಟೆಂಡರ್‌ಗೆ. ನೋಟಿಸ್ ಪುಸ್ತಕ ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಹೋಗುವವರು ಅವರು. ಮಕ್ಕಳು ಕಾರಿಡಾರಿನಲ್ಲಿ ನಿಲ್ಲಿಸಿ ಏನೇನು ಕೇಳುತ್ತಾರೆ ಅಂತ ಅವರಿಗೇ ಗೊತ್ತು. "ಮೇಡಂ, ಯೂನಿಫಾರ್ಮ್ ಹಾಕ್ಬೇಕೋ ಬೇಡ್ವೋ ಬರೀಲೇ ಇಲ್ಲ" ಅಂತ ಅವರು ಹೇಳಿದ ಮೇಲೆ ಆ ಒಂದು ಸಾಲು ನಮ್ಮ ಪ್ರತಿ ನೋಟಿಸಿನಲ್ಲೂ ಸೇರಿತು.

ಬದಲಾವಣೆ ಬಂದರೆ ಹಳೆಯ ಕಾಗದದ ಮೇಲೆ ಪೆನ್ನಿನಲ್ಲಿ ಗೀಚಬೇಡಿ. ಹೊಸ ಕಾಗದ ಹಚ್ಚಿ, ಮೇಲ್ಗಡೆ ದೊಡ್ಡದಾಗಿ "ತಾರೀಕು ಬದಲಾಗಿದೆ" ಅಂತ ಬರೆಯಿರಿ, ಹಳೆಯದನ್ನು ಕಿತ್ತು ತೆಗೆಯಿರಿ. ಹೋದ ನವೆಂಬರಿನ ಕಾಗದ ಮಾರ್ಚ್‌ನಲ್ಲೂ ಬೋರ್ಡಿನಲ್ಲಿದ್ದರೆ ಮಕ್ಕಳು ಆ ಬೋರ್ಡ್ ನೋಡುವುದನ್ನೇ ಬಿಡುತ್ತಾರೆ. ನಾನು ಪ್ರತಿ ಸೋಮವಾರ ಬೆಳಿಗ್ಗೆ ಬೀಗ ತೆಗೆದು ಆಗಿಹೋದದ್ದನ್ನೆಲ್ಲ ತೆಗೆಯುತ್ತೇನೆ, ಐದು ನಿಮಿಷದ ಕೆಲಸ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ, ಆಯಿತು ಅಂದುಕೊಳ್ಳಬೇಡಿ. ನಮ್ಮ ಕಾಡಿನ ಊರುಗಳಲ್ಲಿ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ಫೋನ್ ಎತ್ತಿ ಹಿಡಿದರೆ ಎರಡು ಕಡ್ಡಿ ಬರುತ್ತದೆ. ಅಂಥಲ್ಲಿ ಫೋಟೋ, ಪಿಡಿಎಫ್ ಸುತ್ತುತ್ತಲೇ ಇರುತ್ತದೆ. ಟೈಪ್ ಮಾಡಿದ ಸಣ್ಣ ಮೆಸೇಜ್ ಮಾತ್ರ ಬಂದು ಬೀಳುತ್ತದೆ. ಆದ್ದರಿಂದ ಫೋಟೋ ಹಾಕಿ, ಅದರ ಕೆಳಗೆ ಎರಡು ಸಾಲು ಟೈಪ್ ಮಾಡಿ. ಮತ್ತೆ ಒಂದೊಂದು ಬಸ್ ರೂಟಿಗೂ ಒಬ್ಬ ಜವಾಬ್ದಾರಿ ಇರುವ ಹುಡುಗನನ್ನೋ ಹುಡುಗಿಯನ್ನೋ ಗೊತ್ತು ಮಾಡಿಕೊಳ್ಳಿ. ಸಂಜೆ ಬಸ್ಸಿನಲ್ಲಿ ಬಾಯಿಮಾತಿನಲ್ಲಿ ದಾಟಿದ ಸುದ್ದಿ ಎಲ್ಲಕ್ಕಿಂತ ಗಟ್ಟಿ, ಇದು ನನ್ನ ಅನುಭವ.

ಪರೀಕ್ಷೆಯ ನೋಟಿಸು ಬೇರೆಯೇ ಜಾತಿ. ಅದಕ್ಕೆ ಬೇರೆ ಬೋರ್ಡೇ ಇರಲಿ, ಆಗದಿದ್ದರೆ ಅದೇ ಬೋರ್ಡಿನ ಬಲಗಡೆ ಒಂದು ಭಾಗ ಬಣ್ಣದ ಪಟ್ಟಿ ಹಚ್ಚಿ ಮೀಸಲಿಡಿ. ಒಂದು ವರ್ಷ ಪರೀಕ್ಷಾ ಅರ್ಜಿಯ ಕೊನೆಯ ದಿನದ ಕಾಗದದ ಮೇಲೆ ಗ್ಯಾದರಿಂಗಿನ ಡಾನ್ಸ್ ಆಯ್ಕೆಯ ಪಟ್ಟಿ ಬಂದು ಕೂತಿತು, ಹಚ್ಚಿದವರು ನಾವೇ. ಒಬ್ಬ ಹುಡುಗ, ಬೆಳಿಗ್ಗೆ ಪೇಪರ್ ಹಾಕಿ ಬರುವವನು, ಅದನ್ನು ನೋಡಲಿಲ್ಲ. ದಂಡ ಕಟ್ಟುವ ದಿನವೂ ಕಳೆಯುವ ಹೊತ್ತಿಗೆ ಗೊತ್ತಾಯಿತು. ಧಾರವಾಡದ ಯೂನಿವರ್ಸಿಟಿಗೆ ಫೋನ್ ಮೇಲೆ ಫೋನ್ ಮಾಡಿ ಹೇಗೋ ಸರಿ ಆಯಿತು. ಆದರೆ ಆ ಮೂರು ದಿನ ಆ ಹುಡುಗನ ಮುಖ ನೋಡಲು ಆಗುತ್ತಿರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುವ ನಮ್ಮಂಥ ಕಾಲೇಜುಗಳಲ್ಲಿ ಈಗ ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್ ಎಲ್ಲ ಸರಕಾರದ ಆನ್‌ಲೈನ್ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲೇ ಆಗುತ್ತದೆ. ಪಾಸ್‌ವರ್ಡ್ ಮರೆತವರು, ಓಟಿಪಿ ಅಣ್ಣನ ಫೋನಿಗೆ ಹೋಗುವವರು, ಹೆಸರು ತಪ್ಪು ಬಂದವರು ಪ್ರತಿ ವರ್ಷ ಇರುತ್ತಾರೆ. ಕೊನೆಯ ದಿನಕ್ಕೆ ಒಂದು ವಾರ ಮುಂಚೆ, ಅರ್ಜಿ ಹಾಕದವರ ಪಟ್ಟಿ ಆಫೀಸಿನಿಂದ ತೆಗೆಸಿ ಒಬ್ಬೊಬ್ಬರನ್ನೇ ಕರೆದು ಕೇಳಿ. ಹೆಸರು ಬೋರ್ಡಿನಲ್ಲಿ ಹಾಕಬೇಡಿ, ದುಡ್ಡಿಲ್ಲದೆ ನಿಂತವರೂ ಅದರಲ್ಲಿ ಇರುತ್ತಾರೆ. ಹಾಜರಾತಿ 75 ಪರ್ಸೆಂಟಿಗಿಂತ ಕಡಿಮೆ ಇದ್ದವರಿಗೂ ಹಾಗೇ, ಸೆಮಿಸ್ಟರ್ ಕೊನೆಯಲ್ಲಿ ಹೇಳಿದರೆ ಅವರು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ನಡುವೆಯೇ ಹೇಳಿ.

ನೋ ಡ್ಯೂ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಲೈಬ್ರರಿ, ಲ್ಯಾಬ್, ಕ್ರೀಡಾ ವಿಭಾಗ, ಎನ್ನೆಸ್ಸೆಸ್, ಎಲ್ಲರ ಸಹಿಯೂ ಒಂದೇ ದಿನ, ಒಂದೇ ಕೋಣೆಯಲ್ಲಿ ಸಿಗುವ ಹಾಗೆ ಮಾಡಿ. ಒಂದು ಸಹಿಗೋಸ್ಕರ ಇಪ್ಪತ್ತೈದು ಕಿಲೋಮೀಟರ್ ಬಂದು ವಾಪಸ್ ಹೋಗುವುದು ತಪ್ಪುತ್ತದೆ.

ಈಗ ಗ್ಯಾದರಿಂಗಿನ ದಿನ. ವೇದಿಕೆಯ ಕಾರ್ಯಕ್ರಮವನ್ನು ನಿಮಿಷದಲ್ಲಿ ಬರೆಯಿರಿ. ನಾಡಗೀತೆ ಪೂರ್ತಿ ಹಾಡಿದರೆ, ಸರಕಾರ 2022ರಲ್ಲಿ ಗೊತ್ತು ಮಾಡಿದ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡ್. ಸ್ವಾಗತ 3 ನಿಮಿಷ. ವರದಿ ವಾಚನ 5 ನಿಮಿಷ, ಉಳಿದದ್ದನ್ನು ಅಚ್ಚು ಹಾಕಿಸಿ ಹಂಚಿ. ಅತಿಥಿಗಳಿಗೆ 15 ನಿಮಿಷ ಅಂತ ಕರೆಯಲು ಹೋದ ದಿನವೇ ಬಾಯಿಬಿಟ್ಟು ಹೇಳಿ, ದೊಡ್ಡವರು ಬೇಜಾರು ಮಾಡಿಕೊಳ್ಳುವುದಿಲ್ಲ, ಬಸ್ಸಿನ ಕಾರಣ ಹೇಳಿದರೆ ಮೆಚ್ಚುತ್ತಾರೆ. ವೇದಿಕೆ ಮೇಲೆ ಕುರ್ಚಿ ಐದಕ್ಕಿಂತ ಜಾಸ್ತಿ ಬೇಡ. ಎಲ್ಲರಿಗೂ ಹಾರ, ಶಾಲು ಅಂತ ಹೊರಟರೆ ಅದಕ್ಕೇ ಅರ್ಧ ತಾಸು. ನಾವು ಒಂದು ಅಡಿಕೆ ಸಿಂಗಾರದ ಎಸಳು, ಒಂದು ತೆಂಗಿನಕಾಯಿ, ಊರಿನ ಜೋನಿಬೆಲ್ಲದ ಡಬ್ಬಿ ಕೊಡುತ್ತೇವೆ, ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛಕ್ಕಿಂತ ಎಷ್ಟೋ ಚಂದ. ಬ್ಯಾನರ್ ಬಟ್ಟೆಯದ್ದೇ ಬರೆಸಿ, ಪ್ಲಾಸ್ಟಿಕ್ ಫ್ಲೆಕ್ಸ್ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ. ಇಸವಿ ಬರೆಯುವ ಜಾಗ ಖಾಲಿ ಬಿಡಿಸಿದರೆ ಮರುವರ್ಷವೂ ಅದನ್ನೇ ಕಟ್ಟಬಹುದು. ಮೈಕಿಗೆ ಪೊಲೀಸ್ ಠಾಣೆಯ ಪರವಾನಗಿ ಒಂದು ವಾರ ಮುಂಚೆ ತನ್ನಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಚ್ಚುವ ಹಾಗಿಲ್ಲ, ಬಸ್ಸಿನ ಲೆಕ್ಕದಲ್ಲಿ ನಡೆಸಿದರೆ ಆ ತೊಂದರೆ ನಿಮಗೆ ಬರುವುದೇ ಇಲ್ಲ.

ಬಹುಮಾನದ ಹೆಸರು ಓದುವವರು ಹಿಂದಿನ ದಿನ ಪಟ್ಟಿ ಹಿಡಿದು ಗಟ್ಟಿಯಾಗಿ ಓದಿ ನೋಡಬೇಕು. ಒಂದೇ ಕ್ಲಾಸಿನಲ್ಲಿ ನಾಲ್ಕು ಹೆಗಡೆ, ಆರು ನಾಯ್ಕ, ಮೂರು ಗೌಡ, ಇಬ್ಬರು ಸಿದ್ದಿ ಇರುತ್ತಾರೆ, ಹೆಸರೂ ಒಂದೇ ಇರಬಹುದು. ಊರಿನ ಹೆಸರು ಸೇರಿಸಿ ಓದಿ. ತನ್ನ ಸಣ್ಣ ಊರಿನ ಹೆಸರು ಮೈಕಿನಲ್ಲಿ ಬಂದಾಗ ಹಿಂದಿನ ಸಾಲಿನಲ್ಲಿ ಕೂತ ಅಪ್ಪ ಸೆಟೆದು ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಯಕ್ಷಗಾನ ಇಡುತ್ತೀರಾ? ಇಡಿ, ನಮ್ಮ ಜಿಲ್ಲೆಯ ಕಾಲೇಜಿನಲ್ಲಿ ಅದಿಲ್ಲದೆ ಹೇಗೆ. ಆದರೆ ಅದನ್ನು ಕೊನೆಗೆ ನೂಕಿ, ಹೊತ್ತಾಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ಬಣ್ಣ ಹಚ್ಚಿ, ತಲೆಗೆ ಕೇದಗೆ ಮುಂದಲೆ ಕಟ್ಟಿ, ವೇಷ ತಯಾರಾಗಲು ಎರಡು ತಾಸು ಬೇಕು. ಆ ಮಕ್ಕಳು ಬೆಳಿಗ್ಗೆಯಿಂದ ಬಣ್ಣ ಹಚ್ಚುವ ಚೌಕಿಯಲ್ಲೇ ಇರುತ್ತಾರೆ, ಊಟ ನೀರು ಅಲ್ಲಿಗೇ ಮುಟ್ಟಿಸಲು ಇಬ್ಬರನ್ನು ನೇಮಿಸಿ. ಅವರಲ್ಲಿ ಯಾರಿಗಾದರೂ ಬಹುಮಾನ ಇದ್ದರೆ ವೇಷದಲ್ಲೇ ಬಂದು ತೆಗೆದುಕೊಳ್ಳಲಿ. ಒಂದು ವರ್ಷ ನಮ್ಮಲ್ಲಿ ಕೃಷ್ಣನ ವೇಷದ ಹುಡುಗಿ ಕಿರೀಟ ಕಟ್ಟಿಕೊಂಡೇ ಬಂದು ಓಟದ ಸ್ಪರ್ಧೆಯ ಕಪ್ ತೆಗೆದುಕೊಂಡಳು, ಸಭೆ ಎದ್ದು ಚಪ್ಪಾಳೆ ತಟ್ಟಿತು.

ಊಟಕ್ಕೆ ದೊಡ್ಡ ಮೆನು ಬೇಡ. ಅನ್ನ, ಸಾರು, ಒಂದು ಪಲ್ಯ, ಅಪ್ಪೆಹುಳಿ, ಮಜ್ಜಿಗೆ, ಒಂದು ಪಾಯಸ. ಬೆಳಿಗ್ಗೆ ಬಂದ ಕೂಡಲೇ ಕಲಸಿದ ಅವಲಕ್ಕಿ, ತೆಳು ಅವಲಕ್ಕಿ ಒಂದು ಕೆಜಿಗೆ ಹದಿನೈದು ಜನ ಅಂತ ಲೆಕ್ಕ ಹಿಡಿಯಿರಿ, ಕಾಯಿತುರಿ ಧಾರಾಳ ಇರಲಿ. ಬಹಳ ಮಕ್ಕಳು ಆರೂವರೆಗೆ ಮನೆ ಬಿಟ್ಟಿರುತ್ತಾರೆ, ಮಧ್ಯಾಹ್ನದ ತನಕ ಹಸಿದು ಕೂರಿಸಬೇಡಿ. ಸೆಕೆಗೆ ಮುರುಗಲ ಪಾನಕ ಇಡಿ. ಹಾಳೆತಟ್ಟೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ.

ಬೀಳ್ಕೊಡುಗೆಯಲ್ಲಿ ಒಂದೇ ವಿಷಯಕ್ಕೆ ನಾನು ಗಟ್ಟಿಯಾಗಿ ನಿಲ್ಲುತ್ತೇನೆ, ದುಡ್ಡು. ಎಲ್ಲರಿಗೂ ಒಂದೇ ಬಣ್ಣದ ಸೀರೆ, ಹೋಟೆಲಿನಲ್ಲಿ ಊಟ, ತಲೆಗೆ ಇಷ್ಟು ಅಂತ ಶುರುವಾದರೆ ಕೂಡಲೇ ತಡೆಯಿರಿ. ಕೊಡಲಾಗದ ಹುಡುಗಿ ಕೊಡಲಾಗದು ಅಂತ ಹೇಳುವುದಿಲ್ಲ, ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ಮನೆಯಲ್ಲಿ ಉಳಿಯುತ್ತಾಳೆ, ಮೂರು ವರ್ಷ ಜೊತೆಗೆ ಕಲಿತವರ ಕೊನೆಯ ಫೋಟೋದಲ್ಲಿ ಅವಳಿರುವುದಿಲ್ಲ. ನಾವು ಒಂದು ಡಬ್ಬಿ ಇಡುತ್ತೇವೆ. ಆದಷ್ಟು ಹಾಕಿ, ಯಾರು ಎಷ್ಟು ಹಾಕಿದರು ಅಂತ ಯಾರೂ ಬರೆಯುವುದಿಲ್ಲ. ಕಡಿಮೆ ಬಿದ್ದರೆ ಸ್ಟಾಫ್ ಸೇರಿಸುತ್ತಾರೆ. ಉಪ್ಪಿಟ್ಟು, ಜಿಲೇಬಿ, ಒಂದು ಗ್ರೂಪ್ ಫೋಟೋ, ಅಷ್ಟೆ. ಫೋಟೋ ತೆಗೆಯುವಾಗ ಕಸ ಗುಡಿಸುವ ಅಕ್ಕ, ಅಟೆಂಡರ್, ಲೈಬ್ರರಿಯವರು ಎಲ್ಲರನ್ನೂ ಕರೆಯಿರಿ.

ಮುಗಿದ ಮರುದಿನ ಬಾಡಿಗೆ ಸಾಮಾನು ವಾಪಸ್, ವಾರದೊಳಗೆ ಖರ್ಚಿನ ಲೆಕ್ಕ ಬೋರ್ಡಿನಲ್ಲಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು, ಯೂನಿಯನ್ ಸೆಕ್ರೆಟರಿ ಸಹಿ. ತೆಗೆದುಕೊಳ್ಳದೆ ಉಳಿದ ಬಹುಮಾನಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸ್ಟೋರ್ ರೂಮಿಗೆ ಎಸೆಯಬೇಡಿ. ಹೆಸರು, ಊರು ಬರೆದ ಚೀಟಿ ಹಚ್ಚಿ ಬೀರುವಿನಲ್ಲಿಡಿ, ಪಟ್ಟಿಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿ, ಅದರದ್ದೇ ಒಂದು ಪ್ರತಿ ಟಿಸಿ ಕೊಡುವ ಕ್ಲರ್ಕ್ ಮೇಜಿನ ಮೇಲೂ ಇರಲಿ. ಆ ಪ್ರಬಂಧದ ಹುಡುಗಿ ಜುಲೈ ಮಳೆಯಲ್ಲಿ ಟಿಸಿಗೆ ಬಂದಾಗ ನಮ್ಮ ಕ್ಲರ್ಕ್ ಪಟ್ಟಿ ನೋಡಿ ನನ್ನನ್ನು ಕರೆಸಿದರು. ಛತ್ರಿ ಮಡಚಿ ಬಾಗಿಲಿಗೆ ಒರಗಿಸಿ, ಎರಡೂ ಕೈ ಸೀರೆಸೆರಗಿಗೆ ಒರೆಸಿಕೊಂಡು ಸರ್ಟಿಫಿಕೇಟ್ ಇಸಿದುಕೊಂಡದ್ದು ಅವಳ ತಾಯಿ.